ಆರು ಪದ ಕಮ್ಮಿ

ಪತ್ರಿಕೆಯ ಕಚೇರಿಯಲ್ಲಿ ಅವಳಿಗೆ ಪುರವಣಿ ಮೇಡಂ ಎಂದೇ ಹೆಸರು. ಇಪ್ಪತ್ತಾರು ವರ್ಷ ಭಾನುವಾರದ ಪುರವಣಿಯೊಂದನ್ನೇ ಕಟ್ಟಿಕೊಂಡು ಬಾಳಿದವಳನ್ನು ಇನ್ನೇನೆಂದು ಕರೆಯುತ್ತಾರೆ? ಮೂರನೇ ಮಹಡಿಯ ಮೂಲೆಯಲ್ಲಿ, ಕಿಟಕಿಗೆ ಬೆನ್ನು ಮಾಡಿ ಅವಳ ಮೇಜು. ಎಡಕ್ಕೆ ಪ್ರಕಾಶಕರು ಕಳಿಸಿದ ಪುಸ್ತಕಗಳ ರಾಶಿ, ಬಲಕ್ಕೆ ಕಂಪ್ಯೂಟರು, ನಡುವೆ ಅವಳು. ಪುರವಣಿಯ ನಾಲ್ಕನೇ ಪುಟದ ಕೆಳಮೂಲೆಯಲ್ಲಿ ‘ಓದಲೇಬೇಕಾದ ನಾಲ್ಕು’ ಎಂಬ ಅಂಕಣ ಬರುತ್ತಿತ್ತು, ಅದು ಅವಳದು. ಇತಿಹಾಸಕ್ಕೊಂದು, ಜೀವನಚರಿತ್ರೆಗೊಂದು, ರಾಜಕೀಯಕ್ಕೊಂದು, ವಿಚಾರಕ್ಕೊಂದು, ಹೀಗೆ ವಾರಕ್ಕೆ ನಾಲ್ಕು ಪುಸ್ತಕ. ಒಂದೊಂದಕ್ಕೆ ನಲವತ್ತು ಪದ. ಕೆಳಗೆ ಬರೆದವರ ಹೆಸರು ಇರುತ್ತಿರಲಿಲ್ಲ. ಹನ್ನೊಂದು ವರ್ಷ ಹಾಗೆಯೇ ನಡೆದುಕೊಂಡು ಬಂದಿತ್ತು.

ಮೊದಲ ವರ್ಷ ಅವಳು ನಿಜಕ್ಕೂ ಓದಿದ್ದಳು. ಬಸ್ಸಿನಲ್ಲಿ, ಒಲೆಯ ಮುಂದೆ, ದಂತವೈದ್ಯರ ಬೆಂಚಿನ ಮೇಲೆ, ಎಲ್ಲೆಂದರಲ್ಲಿ. ಆಮೇಲೆ ಅಮ್ಮ ಹಾಸಿಗೆ ಹಿಡಿದಳು. ಆರು ವರ್ಷ, ಸಂಜೆ ಮನೆ ಸೇರಿ ಅಮ್ಮನ ಮಗ್ಗುಲು ಬದಲಿಸಿ, ಮೈ ಒರೆಸಿ, ಉಣಿಸಿ, ಮಾತ್ರೆ ಕೊಟ್ಟು ಮಲಗಿಸುವಷ್ಟರಲ್ಲಿ ಪುಸ್ತಕವೆಂದರೆ ದಿಂಬಿಗಿಂತ ಗಟ್ಟಿಯಾದ ಒಂದು ವಸ್ತು, ಅಷ್ಟೇ ಅನ್ನಿಸುತ್ತಿತ್ತು. ಆಗ ಕೈಗೊಂದು ಚಾಳಿ ಹತ್ತಿತು. ಹಿಂಬದಿಯ ರಕ್ಷಾಪುಟ, ಪರಿವಿಡಿ, ಮುನ್ನುಡಿಯ ಕೊನೆಯ ಪ್ಯಾರಾ. ಈ ಮೂರನ್ನು ನೋಡಿದರೆ ಸಾಕು, ನಲವತ್ತು ಪದ ತಾವಾಗಿ ಉದುರುತ್ತಿದ್ದವು.

ನಾಲ್ಕು ವರ್ಷದ ಹಿಂದೆ ಅಮ್ಮ ಹೋದಳು. ಸಂಜೆಗಳು ವಾಪಸ್ಸು ಬಂದವು, ಚಾಳಿ ಮಾತ್ರ ಹೋಗಲಿಲ್ಲ. ಬರಿದಾದ ಆ ಸಂಜೆಗಳನ್ನು ಏನು ಮಾಡಬೇಕೆಂದು ತೋಚದೆ ಅವಳು ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತ, ಕೆಳಗಿನ ಮನೆಯವರ ಟೀವಿಗೆ ಕಿವಿಗೊಟ್ಟು ಕೂರುತ್ತಿದ್ದಳು. ಯಾವ ಧಾರಾವಾಹಿಯಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಎಂಬುದೆಲ್ಲ, ಒಂದು ದಿನವೂ ನೋಡದೆ, ಅವಳಿಗೆ ಬಾಯಿಪಾಠ.

ಒಂದು ಬುಧವಾರ ಮಧ್ಯಾಹ್ನ ರಿಸೆಪ್ಷನ್ನಿನಿಂದ ಫೋನು ಬಂತು.

“ಮೇಡಂ, ಒಬ್ರು ಬಂದಿದ್ದಾರೆ. ಓದಲೇಬೇಕಾದ ನಾಲ್ಕು ಬರೆಯೋರನ್ನ ನೋಡ್ಬೇಕಂತೆ. ಏನು ಕೆಲಸ ಅಂದ್ರೆ ಅವರಿಗೇ ಹೇಳ್ತೀನಿ ಅಂತಾರೆ.”

ಹನ್ನೊಂದು ವರ್ಷದಲ್ಲಿ ಆ ಮೂಲೆಯನ್ನು ಹುಡುಕಿಕೊಂಡು ಒಂದು ನೊಣವೂ ಬಂದಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಕೆಳಗಿಳಿದಳು.

ಎಪ್ಪತ್ತರ ಹತ್ತಿರದ, ತೆಳ್ಳಗಿನ ಗಂಡಸು ಎದ್ದು ನಿಂತರು. ಅಂಗಿಗೆ ಗರಿಗರಿ ಇಸ್ತ್ರಿ. ಆದರೆ ಗುಂಡಿಗಳು ಒಂದು ಮನೆ ತಪ್ಪಿ, ಒಂದು ಕಡೆ ಅಂಚು ಕೆಳಗೆ ಜೋತಿತ್ತು. ಕೈಯಲ್ಲೊಂದು ಚೀಲ.

“ನೀವೇನಾ ಬರೆಯೋದು? ನಾನು ಗಂಡಸರು ಅಂದ್ಕೊಂಡಿದ್ದೆ. ನಮ್ಮನೆಯವಳು ಮಾತ್ರ ಮೊದಲಿಂದಾನೂ, ಇದು ಹೆಂಗಸಿನ ಕೈ ಅಂತಿದ್ಲು.” ಅವರು ಕೂತರು. “ನಾನು ತೂಕ ಮತ್ತು ಅಳತೆ ಇಲಾಖೇಲಿ ಇನ್ಸ್‌ಪೆಕ್ಟರ್ ಆಗಿದ್ದೆ. ಅಂಗಡಿಯವರೆಲ್ಲ ತಕ್ಕಡಿ ಸಾಹೇಬ್ರು ಅಂತಿದ್ರು. ಈಗ ಎಂಟು ವರ್ಷದಿಂದ ಮನೇಲೇ. ನಿಮ್ಮ ಅಂಕಣ ನೋಡ್ಕೊಂಡೇ ನಾವು ಪುಸ್ತಕ ತರಿಸೋದು. ಎಲ್ಲಾ ಅಲ್ಲ, ತಿಂಗಳಿಗೆ ಒಂದೋ ಎರಡೋ. ಲೆಕ್ಕ ಹಾಕಿದ್ರೆ ನೂರರ ಮೇಲಾಗಿದೆ.”

“ನೂರು?” ಎಂದಳು ಅವಳು.

“ಪ್ರತಿ ಸಲವೂ ನಲವತ್ತೇ ಪದ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಎಣಿಸಿ ನೋಡಿದ್ದೀನಿ. ಇಷ್ಟು ಸರಿಯಾಗಿ ಅಳೆಯೋರು ಮೋಸ ಮಾಡಲ್ಲ ಅಂತ ನನಗೆ ನಂಬಿಕೆ ಬಂದಿದ್ದೇ ಅದರಿಂದ.”

ಸಾಹೇಬರು ಚೀಲದಿಂದ ದಪ್ಪನೆಯ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಊರೂರಿಗೆ ಕುಡಿಯುವ ನೀರು ಬರಬೇಕೆಂದು ಜೀವ ತೇದ ಹಳೆಯ ಕಾಲದ ಮುಂದಾಳೊಬ್ಬರ ಜೀವನಚರಿತ್ರೆ. ನಾಲ್ಕು ತಿಂಗಳ ಹಿಂದೆ ಅಂಕಣದಲ್ಲಿ ಬಂದಿತ್ತು. ಅವಳಿಗೆ ನೆನಪಾದದ್ದು ರಕ್ಷಾಪುಟದ ನೀಲಿ ಬಣ್ಣ ಮಾತ್ರ.

“ಗಂಡ ಹೆಂಡತಿ ಜೊತೆಗೆ ಕೂತು ಓದಬೇಕಾದ ಪುಸ್ತಕ ಅಂತ ಬರೆದಿದ್ರಿ. ಅದನ್ನ ನೋಡಿ ನಮ್ಮನೆಯವಳಿಗೆ ಖುಷಿಯೋ ಖುಷಿ. ದಿನಾ ಸಂಜೆ ಟೀ ಆದ್ಮೇಲೆ ನಾನು ಓದೋದು, ಅವಳು ಕೇಳೋದು. ಎಂಟು ಅಧ್ಯಾಯ ಸುಸೂತ್ರವಾಗಿ ಆಯ್ತು. ಒಂಬತ್ತನೇದು ಓದ್ತಾ ಇದ್ದಾಗ, ಅವತ್ತಿಗೆ ಸಾಕು ಅಂತ ಎದ್ದು ಹೋದ್ಲು. ಎರಡು ದಿನ ಬಿಟ್ಟು, ನಾನು ತಂಗಿ ಮನೇಲಿ ಸ್ವಲ್ಪ ದಿನ ಇದ್ದು ಬರ್ತೀನಿ ಅಂದ್ಲು. ಹೋಗಿ ಹತ್ತು ವಾರ ಆಯ್ತು.”

“ಜಗಳ ಏನಾದ್ರೂ...”

“ಇಲ್ಲಮ್ಮಾ. ಅದೇ ತಲೆನೋವು. ಜಗಳ ಆಗಿದ್ರೆ ಯಾವ ಕಡೆ ಎಷ್ಟು ತೂಗುತ್ತೆ ಅಂತ ನೋಡಬಹುದಿತ್ತು. ಫೋನ್ ಮಾಡಿದ್ರೆ ಚೆನ್ನಾಗೇ ಮಾತಾಡ್ತಾಳೆ. ಊಟ ಆಯ್ತಾ, ಹಾಲು ಕೆಡಿಸ್ಬೇಡಿ, ಇಷ್ಟೇ. ಯಾಕೆ ಹೋದೆ ಅಂತ ಕೇಳೋಕೆ ನನಗೆ ಬಾಯಿ ಬರಲ್ಲ. ಬಾ ಅನ್ನೋಕೂ ಬರಲ್ಲ.” ಅವರು ಪುಸ್ತಕದ ಮೇಲೆ ಅಂಗೈ ಇಟ್ಟರು. “ಒಂಬತ್ತನೇ ಅಧ್ಯಾಯಾನ ಮೂರು ಸಲ ಓದಿದೆ. ಅದರಲ್ಲಿ ಮನೆ ಬಿಟ್ಟು ಹೋಗೋ ಅಂಥದ್ದು ಏನೂ ಇಲ್ಲ. ನೀವು ಓದಿ ಆರಿಸಿದವರು. ಅದರಲ್ಲಿ ಹೆಂಗಸರಿಗೆ ಮಾತ್ರ ಕಾಣೋದು ಏನಾದ್ರೂ ಇದ್ಯಾ, ಹೇಳಿ.”

ಆಗಲೇ ನಿಜ ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಆ ತಪ್ಪಿದ ಗುಂಡಿ ನೋಡುತ್ತ ಅವಳ ನಾಲಿಗೆ ಬೇರೆಯೇ ಹಾದಿ ಹಿಡಿಯಿತು. “ಓದಿ ಬಹಳ ದಿನ ಆಯ್ತು ಸರ್. ಮತ್ತೊಂದು ಸಲ ನೋಡಿ ಹೇಳ್ತೀನಿ. ಮುಂದಿನ ಬುಧವಾರ ಬನ್ನಿ.”

“ನನ್ನ ಪ್ರತಿಯನ್ನೇ ಇಟ್ಕೊಳ್ಳಿ” ಎಂದು ಸಾಹೇಬರು ಹೊರಟುಹೋದರು.

ಶನಿವಾರ ಅವಳಿಗೆ ರಜೆ. ಬೆಳಿಗ್ಗೆ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಓದಲು ಕೂತಳು. ಮೊದಮೊದಲು ಕಣ್ಣು ಸಾಲಿನ ಮೇಲಿಂದ ಜಾರಿ ಜಾರಿ ಬೀಳುತ್ತಿತ್ತು. ಒಂದೇ ಪ್ಯಾರಾವನ್ನು ಮೂರು ಬಾರಿ ಓದಿದಳು. ಎರಡು ಸಲ ಎದ್ದು ಹೋಗಿ ಒಲೆ ಒರೆಸಿ ಬಂದಳು. ಇನ್ನು ಆಗದು, ಅಧ್ಯಾಯ ಒಂಬತ್ತಕ್ಕೇ ಹಾರಿಬಿಡೋಣ ಅಂದುಕೊಂಡಳು. ಆದರೆ ಮುಂದಾಳು ಹುಡುಗನಾಗಿದ್ದಾಗ ಬತ್ತಿದ ಬಾವಿಗೆ ಇಳಿದು, ಹಗ್ಗ ತುಂಡಾಗಿ, ಒಂದು ಇಡೀ ದಿನ ತಳದಲ್ಲಿ ಕೂತಿದ್ದ ಪ್ರಸಂಗ ಬಂತು. ಮೇಲೆ ಕಾಣುವ ಆಕಾಶದ ತುಣುಕು ಹುಡುಗನಿಗೆ ಹೇಗೆ ಕಂಡಿತೆಂದು ಬರೆದವರು ಒಂದು ಪುಟ ಬರೆದಿದ್ದರು. ಅಲ್ಲಿಂದ ಮುಂದೆ ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ಟೀ ಆರಿ ಕೆನೆಗಟ್ಟಿತು. ಮಧ್ಯಾಹ್ನ ತಟ್ಟೆ ಮುಂದಿಟ್ಟುಕೊಂಡು ಎಡಗೈಯಲ್ಲಿ ಪುಟ ಮಗುಚುತ್ತ ಉಂಡಳು. ಅಮ್ಮ ಇದ್ದಿದ್ದರೆ ಬೈಯುತ್ತಿದ್ದಳು ಎಂದು ನೆನಪಾಗಿ ಒಂದು ಗಳಿಗೆ ಕೈ ನಿಂತಿತು. ಮತ್ತೆ ಮಗುಚಿದಳು.

ಸಂಜೆ ನಾಲ್ಕರ ಹೊತ್ತಿಗೆ ಒಂಬತ್ತನೇ ಅಧ್ಯಾಯ ಬಂತು. ಮುಂದಾಳಿನ ಪ್ರವಾಸಗಳ ವಿವರ ಅದು. ಇಪ್ಪತ್ತು ವರ್ಷ ಊರೂರು ಅಲೆದು ಸಾವಿರಾರು ಪತ್ರ ಬರೆದರಂತೆ. ಹೆಂಡತಿಗೆ ಬರೆದವು ಒಂಬತ್ತು. ಆ ಒಂಬತ್ತರಲ್ಲೂ ಕಳಿಸಬೇಕಾದ ಸಾಮಾನಿನ ಪಟ್ಟಿ. ಬೆಚ್ಚನೆಯ ಬಟ್ಟೆ, ಹೊಟ್ಟೆನೋವಿನ ಪುಡಿ, ಕಪ್ಪು ಶಾಯಿ. ಅವರ ಭಾಷಣಗಳನ್ನೆಲ್ಲ ಅಚ್ಚಿಗೆ ಹೋಗುವ ಮುಂಚೆ ಶುದ್ಧವಾಗಿ ನಕಲು ಮಾಡಿದವಳು ಆ ಹೆಂಡತಿಯೇ. ಜೀವನಚರಿತ್ರೆ ಬರೆದವರು ಇದನ್ನೆಲ್ಲ ಮೆಚ್ಚುಗೆಯಿಂದಲೇ ಹೇಳಿ, ಪ್ಯಾರಾದ ಕೊನೆಗೆ, “ಮನೆಯ ಕಡೆಯ ಚಿಂತೆ ಅವರಿಗೆ ಎಂದೂ ಇರಲಿಲ್ಲ” ಎಂದು ಮುಗಿಸಿದ್ದರು. ಮುಂದಿನ ಪ್ಯಾರಾದಲ್ಲಿ ಮತ್ತೆ ನೀರಿನ ಕೊಳವೆ.

ಅವಳು ಪುಸ್ತಕ ಮಡಚಿ, ಗೋಡೆಯ ಕಡೆ ನೋಡುತ್ತ ಕೂತಳು. ಹೆಸರಿಲ್ಲದ ಹನ್ನೊಂದು ವರ್ಷ ಕಣ್ಮುಂದೆ ಹಾದುಹೋಯಿತು. ಅಮ್ಮನ ಖಾಯಿಲೆಯ ಆರು ವರ್ಷದಲ್ಲಿ ಅಣ್ಣ ಫೋನು ಮಾಡಿದಾಗಲೆಲ್ಲ, “ನೀನಿದ್ದೀಯಲ್ಲ, ನನಗೆ ಆ ಕಡೆ ಚಿಂತೆ ಇಲ್ಲ” ಅನ್ನುತ್ತಿದ್ದ. ಹೊಗಳಿಕೆಯೇ ಅದು. ಹೊಗಳಿಕೆಯಾದ್ದರಿಂದಲೇ ತಿರುಗಿ ಏನೂ ಅನ್ನುವ ಹಾಗಿರಲಿಲ್ಲ. ಒಂದೇ ಸಾಲು, ಸಾಹೇಬರ ಹೆಂಡತಿ ಇದನ್ನು ಕೇಳಿಯೇ ಎದ್ದುಹೋಗಿದ್ದಾಳೆ. ಅವಳಿಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ.

ಬುಧವಾರ ಸಾಹೇಬರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಕಚೇರಿಯ ಕ್ಯಾಂಟೀನಿನ ಮೂಲೆಯ ಬೆಂಚಿನಲ್ಲಿ ಇಬ್ಬರೂ ಕೂತರು. ಅವಳು ಆ ಸಾಲನ್ನು ತೋರಿಸಿ ಓದಿದಳು.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು ತಾವೂ ಓದಿದರು. “ಇದು ಹೊಗಳಿಕೆ ಅಲ್ವಾ?”

“ಹೌದು ಸರ್. ಹೊಗಳಿಕೆನೇ.”

“ಮತ್ತೆ?”

“ನಿಮ್ಮ ಮನೆಯವರನ್ನೂ ಯಾರಾದ್ರೂ ಹೀಗೇ ಹೊಗಳಿರಬಹುದು.”

ಸಾಹೇಬರ ಮುಖ ಸಪ್ಪಗಾಯಿತು. “ನಾನು ಪ್ರವಾಸ ಹೋದವನಲ್ಲ. ದಿನಾ ಆರಕ್ಕೆ ಮನೇಲಿರ್ತಿದ್ದೆ. ಓದಿದ್ದೆಲ್ಲ ಅವಳಿಗೆ ಹೇಳಿದ್ದೀನಿ. ನಾನೇನು ಕಮ್ಮಿ ಮಾಡಿದೆ?” ಆಮೇಲೆ ಕೇಳಿದರು: “ಇಷ್ಟು ಚುಚ್ಚೋ ಸಾಲು ಇದೆ ಅಂತ ಗೊತ್ತಿದ್ದೂ, ಗಂಡ ಹೆಂಡತಿ ಜೊತೆಗೆ ಕೂತು ಓದಬೇಕು ಅಂತ ಯಾಕೆ ಬರೆದ್ರಿ ಮೇಡಂ?”

ಇನ್ನು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಇದ್ದರೂ ಅವಳಿಗೆ ಬೇಡವಾಗಿತ್ತು.

“ನಾನು ಆಗ ಓದಿರ್ಲಿಲ್ಲ ಸರ್. ಈ ಶನಿವಾರ ಓದಿದ್ದು.”

“ಓದದೇ ಬರೆದ್ರಾ?”

“ಹತ್ತು ವರ್ಷದಿಂದ ಯಾವುದನ್ನೂ ಓದಿಲ್ಲ.”

“ಹಾಗಾದ್ರೆ ಆ ಮಾತು? ಗಂಡ ಹೆಂಡತಿ?”

“ಆರು ಪದ ಕಮ್ಮಿ ಬಿದ್ದಿತ್ತು.”

ಸಾಹೇಬರು ಬೆರಳು ಮಡಚಿ ಎಣಿಸಿದರು. ಗಂಡ, ಹೆಂಡತಿ, ಜೊತೆಗೆ, ಕೂತು, ಓದಬೇಕಾದ, ಪುಸ್ತಕ. ಆರೇ. ಟೀ ಲೋಟವನ್ನು ಮುಟ್ಟದೆ ಎದ್ದು ನಿಂತರು. ದನಿ ಏರಿಸಲಿಲ್ಲ, ಏರಿಸಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ.

“ಮೂವತ್ತೈದು ವರ್ಷ ಸರ್ವೀಸು ಮೇಡಂ. ತಕ್ಕಡಿ ತಟ್ಟೆ ಕೆಳಗೆ ಮೇಣ ಅಂಟಿಸಿದವರನ್ನ ಹಿಡಿದಿದ್ದೀನಿ. ತೂಕದ ಬಟ್ಟನ್ನ ಉಜ್ಜಿ ಉಜ್ಜಿ ಸವೆಸಿದವರನ್ನ ಹಿಡಿದಿದ್ದೀನಿ. ತೂಕ ಸರಿಯಾಗಿಟ್ಟು, ಒಳಗೆ ಸಾಮಾನೇ ಇಲ್ಲದ ಪೊಟ್ಟಣ ಕೊಟ್ಟವರನ್ನ ಇವತ್ತೇ ನೋಡಿದ್ದು.”

ಪುಸ್ತಕವನ್ನು ಬೆಂಚಿನ ಮೇಲೆಯೇ ಬಿಟ್ಟು ಹೋದರು.

ಮುಂದಿನ ಬುಧವಾರ ಅವರು ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ಅವಳು ಊಟದ ಡಬ್ಬಿಯನ್ನು ಒಂದು ಗಂಟೆ ತಡವಾಗಿ ತೆರೆದಳು. ಎರಡೇ ಎರಡು ಸಲ ಕಂಡ ಮನುಷ್ಯ. ಆದರೂ ಕ್ಯಾಂಟೀನಿನ ಆ ಬೆಂಚು ಬಿಕೋ ಅನ್ನುತ್ತಿತ್ತು. ಒಂದು ಪುಸ್ತಕದ ಬಗ್ಗೆ ಇನ್ನೊಬ್ಬರ ಎದುರು ಕೂತು ಮಾತಾಡಿ ಎಷ್ಟು ವರ್ಷವಾಗಿತ್ತೆಂದು ಅವಳು ಲೆಕ್ಕ ಹಾಕಹೋಗಿ, ಅರ್ಧಕ್ಕೇ ಬಿಟ್ಟಳು.

ಆ ವಾರ ಅಂಕಣಕ್ಕೆ ಕೂತಾಗ ಕೈ ಓಡಲಿಲ್ಲ. ರಾಶಿಯಿಂದ ನಾಲ್ಕು ಪುಸ್ತಕ ತೆಗೆದು ಹಿಂಬದಿ ನೋಡಿದಳು. ಉದುರಬೇಕಾದ ಪದಗಳು ಉದುರಲಿಲ್ಲ. ಪುರವಣಿಯ ಮುಖ್ಯಸ್ಥ ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಸದಾ ನಿಂತುಕೊಂಡೇ ಮಾತಾಡುವವನು. ಅವನ ಬಳಿ ಹೋದಳು.

“ಇನ್ಮೇಲೆ ನಾಲ್ಕರ ಬದಲು ಒಂದೇ ಪುಸ್ತಕ ಕೊಡ್ತೀನಿ.”

“ಪುಟದಲ್ಲಿ ನಾಲ್ಕು ಚೌಕ ಇದೆಯಲ್ಲ ಮೇಡಂ. ಮೂರನ್ನ ಖಾಲಿ ಬಿಟ್ಟು ರಂಗೋಲಿ ಹಾಕೋದಾ?”

“ಮೂರಕ್ಕೆ ‘ಬಂದಿರುವ ಪುಸ್ತಕಗಳು’ ಅಂತ ಹಾಕಿ. ಹೆಸರು, ಬರೆದವರು, ಪುಟ. ಬಂದಿರೋದು ನಿಜ ತಾನೇ. ಓದಿ ಅಂತ ಹೇಳೋದು ಮಾತ್ರ ಒಂದನ್ನೇ.”

“ಯಾರು ನೋಡ್ತಾರೆ ಮೇಡಂ, ಏನಾದ್ರೂ ಮಾಡಿ” ಎಂದು ಅವನು ಫೋನಿನ ಕಡೆ ತಿರುಗಿದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಚ್ಚಿಗೆ ಹೋಗುವ ಮುಂಚೆ ಆ ಮೂಲೆಯನ್ನು ಅವಳನ್ನು ಬಿಟ್ಟು ಇನ್ನೊಂದು ಕಣ್ಣು ನೋಡುತ್ತಿರಲಿಲ್ಲ.

ಹಾಗಾಗಿಯೇ ಆ ಭಾನುವಾರದ ಮೂಲೆಯಲ್ಲಿ ಅದೇ ನೀಲಿ ಪುಸ್ತಕ ಮತ್ತೆ ಬಂತು. ಈ ಪುಸ್ತಕವನ್ನು ನಾಲ್ಕು ತಿಂಗಳ ಹಿಂದೆ ಓದದೆಯೇ ಓದಿರೆಂದು ಹೇಳಿದ್ದೆ, ಈಗ ಓದಿದ್ದೇನೆ, ಬಾವಿಯೊಳಗಿನ ಹುಡುಗನಿಗಾಗಿ ಓದಿ, ಒಂಬತ್ತನೇ ಅಧ್ಯಾಯದಲ್ಲಿ ಒಬ್ಬ ಹೆಂಗಸು ಒಂದೇ ಸಾಲಿನಲ್ಲಿ ಹಾದುಹೋಗುತ್ತಾಳೆ, ಅವಳನ್ನು ಹಾಗೆ ಹೋಗಗೊಡಬೇಡಿ. ಇಷ್ಟೇ ಬರೆದಿದ್ದಳು. ನಲವತ್ತಾಯಿತೋ ಇಲ್ಲವೋ ಎಣಿಸಲಿಲ್ಲ.

ಮಂಗಳವಾರ ಬೆಳಿಗ್ಗೆ ಅವಳ ಮೇಜಿನ ಫೋನು ರಿಂಗಾಯಿತು. ಆ ಕಡೆ ಹೆಂಗಸಿನ ದನಿ, ಚುರುಕಾದದ್ದು.

“ಓದಲೇಬೇಕಾದ ನಾಲ್ಕು ಬರೆಯೋರಾ? ನಾನಮ್ಮಾ, ನಿಮ್ಮ ಹತ್ರ ಒಬ್ರು ತಕ್ಕಡಿ ಸಾಹೇಬ್ರು ಬಂದಿರಬೇಕಲ್ಲ, ಅವರ ಹೆಂಡ್ತಿ.”

“ಬಂದಿದ್ರು. ನಿಮಗೆ ಹೇಗೆ...”

“ಪೇಪರಲ್ಲಿ ನೋಡಿದೆ. ಒಂಬತ್ತನೇ ಅಧ್ಯಾಯ ಅಂತ ಇತ್ತಲ್ಲ. ಅಷ್ಟು ಲೆಕ್ಕ ಇಟ್ಕೊಂಡು ಇನ್ನೊಬ್ಬರ ತಲೆ ತಿನ್ನೋರು ಈ ಭೂಮಿ ಮೇಲೆ ಒಬ್ರೇ. ಪಾಪ, ನಿಮಗೆ ಬಹಳ ಕಾಟ ಕೊಟ್ರಾ?”

“ಕಾಟ ಏನಿಲ್ಲ ಅಮ್ಮಾ. ತಪ್ಪು ನನ್ನದೇ. ಆ ಸಾಲು ನಿಮಗೆ ಅಷ್ಟು ನೋವು ಮಾಡುತ್ತೆ ಅಂತ...”

“ಯಾವ ಸಾಲು?”

“ಮನೆಯ ಕಡೆಯ ಚಿಂತೆ ಅವರಿಗೆ ಎಂದೂ ಇರಲಿಲ್ಲ ಅನ್ನೋದು.”

“ಹಾಗಂತ ಇದ್ಯಾ? ನಾನು ಗಮನಿಸ್ಲೇ ಇಲ್ಲವಲ್ಲ.”

“ಮತ್ತೆ ಯಾಕೆ ಎದ್ದು ಹೋದ್ರಿ?”

ಹೆಂಗಸು ನಕ್ಕಳು. “ನೋಡಿ, ಮದುವೆಯಾದಾಗಿಂದ ಅವರು ಓದೋದು, ನಾನು ಕೇಳೋದು. ಒಂದು ಪ್ಯಾರಾ ಮುಗೀತೋ ಇಲ್ವೋ, ಪುಸ್ತಕ ಮಡಚಿ, ‘ಇದರ ಅರ್ಥ ಏನಪ್ಪಾ ಅಂದ್ರೆ’ ಅಂತ ಶುರು. ನಲವತ್ತು ವರ್ಷ ಅರ್ಥ ಕೇಳಿದ್ದೀನಮ್ಮಾ. ಅವತ್ತು ಒಂಬತ್ತನೇ ಅಧ್ಯಾಯ ಓದ್ತಿದ್ದಾಗ ಪಕ್ಕದ ಮನೆಯವರು ಕೂಗಿದ್ರು, ಇವರು ಎದ್ದು ಹೊರಗೆ ಹೋದ್ರು. ಪುಸ್ತಕ ನನ್ನ ಕೈಗೆ ಬಂತು. ಎರಡೇ ಪುಟ, ನಾನೇ ಓದ್ಕೊಂಡೆ. ಅಯ್ಯೋ, ಏನು ರುಚಿ ಗೊತ್ತಾ! ಬಾಗಿಲು ಹಾಕ್ಕೊಂಡು, ಯಾರಿಗೂ ಬಡಿಸದೆ, ಒಬ್ಬಳೇ ಕೂತು ಉಂಡ ಹಾಗೆ. ಅವರು ವಾಪಸ್ ಬಂದ್ರು. ಎಲ್ಲಿದ್ವಿ ನಾವು ಅಂತ ಪುಸ್ತಕ ತಗೊಂಡು ಅದೇ ಎರಡು ಪುಟ ಮತ್ತೆ ಮೊದಲಿಂದ ಶುರು ಮಾಡಿ, ಅರ್ಥ ಹೇಳಿದ್ರು. ನನಗೆ ತಡೆಯೋಕಾಗ್ಲಿಲ್ಲ.”

“ಅಷ್ಟಕ್ಕೇ?”

“ಅಷ್ಟಕ್ಕೇ. ಹೇಳಿದ್ರೆ ಯಾರಾದ್ರೂ ನಂಬ್ತಾರಾ? ಓದಿ ಹೇಳೋ ಗಂಡ ಸಿಕ್ಕಿರೋದೇ ಪುಣ್ಯ ಅಂತಾರೆ. ತಂಗಿ ಮನೇಲಿ ಮೇಲುಗಡೆ ಒಂದು ರೂಮಿದೆ. ಮಧ್ಯಾಹ್ನ ಅಲ್ಲಿ ಕೂತ್ಕೊಂಡು ಓದ್ತೀನಿ. ಹನ್ನೊಂದು ಪುಸ್ತಕ ಆಯ್ತು. ಸದ್ದಿಲ್ಲ, ಅರ್ಥ ಇಲ್ಲ, ಆರಾಮಾಗಿದ್ದೀನಿ.” ದನಿ ಸ್ವಲ್ಪ ಇಳಿಯಿತು. “ಅವರು ಸರಿಯಾಗಿ ಊಟ ಮಾಡ್ತಿದ್ದಾರಾ?”

“ಅಂಗಿ ಗುಂಡಿ ತಪ್ಪು ಹಾಕ್ಕೊಂಡಿದ್ರು.”

“ಅದು ನಾನಿದ್ದಾಗಲೂ ಹಾಗೇ.” ಆಕೆ ಉಸಿರು ಬಿಟ್ಟಳು. “ಬರ್ತೀನಿ ಅಂತ ಹೇಳಿ. ಇನ್ನೆರಡು ಪುಸ್ತಕ ಇದೆ, ಮುಗಿಸಿ ಬರ್ತೀನಿ. ನಾನು ಹೇಳಿದ್ರೆ ಅದಕ್ಕೂ ಅರ್ಥ ಹುಡುಕ್ತಾರೆ. ನೀವು ಹೇಳಿ.”

ಸಾಹೇಬರ ಮನೆಯ ವಿಳಾಸ ಬರೆದುಕೊಂಡು ಫೋನಿಟ್ಟ ಮೇಲೆ ಅವಳು ಬಹಳ ಹೊತ್ತು ಕೈಕಟ್ಟಿ ಕೂತಳು. ಒಬ್ಬಳೇ ಕೂತು ಓದುವ ಕೋಣೆಗೋಸ್ಕರ ಒಬ್ಬ ಹೆಂಗಸು ಮನೆ ಬಿಟ್ಟು ಹೋಗಿದ್ದಾಳೆ. ಇಲ್ಲಿ ತನ್ನ ಹತ್ತಿರ ಅಂಥ ಎರಡು ಕೋಣೆಗಳಿವೆ. ವರ್ಷಗಟ್ಟಲೆ ಅವುಗಳಲ್ಲಿ ಬಟ್ಟೆ ಮಡಚಿದ್ದಾಯಿತು. ನಗು ಬಂತು, ಪೂರ್ತಿ ಬರಲಿಲ್ಲ.

ಶನಿವಾರ ಬೆಳಿಗ್ಗೆ ನೀಲಿ ಪುಸ್ತಕ ಹಿಡಿದು ಸಾಹೇಬರ ಮನೆಗೆ ಹೋದಳು. ಬಾಗಿಲು ತೆರೆದವರು ಮುಖ ಅರಳಿಸಲಿಲ್ಲ, ಆದರೂ ಒಳಗೆ ಕರೆದರು. ಎದುರುಬದುರು ಎರಡು ಬೆತ್ತದ ಕುರ್ಚಿ. ಒಂದರ ಮೇಲೆ ಹಳೆಯ ಪೇಪರುಗಳ ಗುಡ್ಡೆ ಬೆಳೆದಿತ್ತು. ಅವರು ಅದನ್ನು ಇಳಿಸಿ ಜಾಗ ಮಾಡಿಕೊಟ್ಟರು.

“ಅವರು ಫೋನ್ ಮಾಡಿದ್ರು ಸರ್. ಬರ್ತಾರಂತೆ. ಇನ್ನೆರಡು ಪುಸ್ತಕ ಮುಗಿಸಿ.” ಕೇಳಿದ್ದನ್ನೆಲ್ಲ, ಆದಷ್ಟು ಮೆತ್ತಗೆ, ಹೇಳಿದಳು. “ನಾನು ತೋರಿಸಿದ ಸಾಲಿಗೂ ಇದಕ್ಕೂ ಸಂಬಂಧ ಇಲ್ಲ. ಅದು ನನಗೆ ಚುಚ್ಚಿದ್ದು. ಅವರದು ಅಂದ್ಕೊಂಡುಬಿಟ್ಟೆ.”

“ಅರ್ಥ ಹೇಳಿದ್ದು ತಪ್ಪಾ?”

“ಅರ್ಥ ತಪ್ಪಿರಲ್ಲ ಸರ್. ಅವರು ಕೇಳಿರ್ಲಿಲ್ಲ, ಅಷ್ಟೇ.”

“ನಲವತ್ತು ವರ್ಷದಲ್ಲಿ ಒಂದು ಸಲ ಬಾಯಿಬಿಟ್ಟು ಹೇಳಬಹುದಿತ್ತಲ್ಲ! ಇದರ ಅರ್ಥ ಏನಪ್ಪಾ ಅಂದ್ರೆ...” ಎಂದು ಶುರು ಮಾಡಿದವರು ಅಲ್ಲೇ ನಾಲಿಗೆ ಕಚ್ಚಿಕೊಂಡರು. ಅವಳನ್ನು ನೋಡಿದರು. ಅವಳು ತುಟಿ ಬಿಗಿಹಿಡಿದಿದ್ದಳು. ಮೊದಲು ನಕ್ಕದ್ದು ಯಾರೋ, ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಗು ನಿಂತ ಮೇಲೆ ಸಾಹೇಬರ ಕಣ್ಣಿನ ನೀರು ಮಾತ್ರ ನಿಲ್ಲಲಿಲ್ಲ. ಅವಳು ಅಡುಗೆಮನೆಗೆ ಹೋಗಿ ತಾನೇ ಟೀ ಮಾಡಿಕೊಂಡು ಬಂದಳು.

ಅಲ್ಲಿಂದ ಮೂರು ಬುಧವಾರ ಸಾಹೇಬರು ಮತ್ತೆ ಕ್ಯಾಂಟೀನಿಗೆ ಬಂದರು. ಪ್ರತಿ ಸಲವೂ ಮೊದಲ ಪ್ರಶ್ನೆ, “ಈ ಸಲದ್ದು ಓದಿ ಬರೆದಿದ್ದಾ?” ಓದಿಯೇ ಬರೆದದ್ದೆಂದು ಪುಟ ತೆಗೆದು ತೋರಿಸುತ್ತಿದ್ದಳು. ಅವರು ಅರ್ಥ ಹೇಳಲು ಬಾಯಿ ತೆರೆಯುವುದು, ಮುಚ್ಚುವುದು, ಆಮೇಲೆ “ನಿಮಗೇನನ್ನಿಸ್ತು?” ಎಂದು ಕಷ್ಟಪಟ್ಟು ಕೇಳುವುದು. ನಿನಗೇನನ್ನಿಸಿತು ಎಂದು ಅವಳನ್ನು ಯಾರಾದರೂ ಕೇಳಿ ಎಷ್ಟೋ ಕಾಲವಾಗಿತ್ತು. ಮೊದಲ ಬುಧವಾರ ಏನು ಹೇಳಬೇಕೆಂದೇ ತೋಚಲಿಲ್ಲ. ಮೂರನೆಯ ಬುಧವಾರ ಊಟದ ವಿರಾಮ ಮುಗಿದು ಅರ್ಧ ಗಂಟೆಯಾದರೂ ಅವಳ ಮಾತು ಮುಗಿದಿರಲಿಲ್ಲ.

ನಾಲ್ಕನೆಯ ವಾರ ಹೆಂಡತಿ ವಾಪಸ್ಸು ಬಂದಳು. ಸಾಹೇಬರು ಕ್ಯಾಂಟೀನಿಗೆ ಬರ‍ಲಿಲ್ಲ. ಬರುವ ಕೆಲಸವೂ ಇರಲಿಲ್ಲ. ಸುದ್ದಿಯನ್ನು ಫೋನಿನಲ್ಲೇ ಹೇಳಿದರು. ದನಿಯಲ್ಲಿ ಹತ್ತು ವರ್ಷ ಇಳಿದಿತ್ತು. ಅವಳು, “ಬಹಳ ಸಂತೋಷ ಸರ್” ಎಂದಳು. ಸಂತೋಷವೇ ಆಗಿತ್ತು. ಆ ಮಧ್ಯಾಹ್ನ ಡಬ್ಬಿಯನ್ನು ಮೇಜಿನ ಬಳಿಯೇ ತೆರೆದು, ಕಂಪ್ಯೂಟರಿನ ಕಡೆ ಮುಖ ಮಾಡಿಕೊಂಡು ಉಂಡಳು.

ಎರಡು ತಿಂಗಳಾದ ಮೇಲೆ ಅವರು ಅವಳನ್ನು ಊಟಕ್ಕೆ ಕರೆದರು. ಹೆಂಡತಿ ದನಿಯಲ್ಲಿದ್ದಷ್ಟೇ ಚುರುಕಾದ ಹೆಂಗಸು, ಬಾಗಿಲಲ್ಲೇ ಅವಳ ಎರಡೂ ಕೈ ಹಿಡಿದು, “ಬಾಮ್ಮಾ, ನೀನೇನಾ ನಮ್ಮನ್ನ ಬೇರೆ ಮಾಡಿದವಳು!” ಎಂದು ನಕ್ಕಳು. ಎರಡು ಬೆತ್ತದ ಕುರ್ಚಿಗಳ ಮೇಲೂ ಒಂದೊಂದು ಪುಸ್ತಕ ಬೋರಲು ಬಿದ್ದಿತ್ತು. ಒಂದೇ ಪುಸ್ತಕದ ಎರಡು ಪ್ರತಿ. ಹಿಂದಿನ ತಿಂಗಳು ಅವಳೇ ಓದಿ, ಮೆಚ್ಚಿ, ಬರೆದಿದ್ದ ಇತಿಹಾಸದ ಪುಸ್ತಕ; ಒಂದು ಹಳೆಯ ಅಣೆಕಟ್ಟೆ ಒಡೆದು ಊರುಗಳು ಕೊಚ್ಚಿಹೋದ ಕಥೆ.

ಬಡಿಸುತ್ತಿದ್ದಂತೆ ಗಂಡ ಹೆಂಡತಿಗೆ ವಾದ ಹತ್ತಿಕೊಂಡಿತು. ಆ ಪುಸ್ತಕದಲ್ಲಿ, ಅಣೆಕಟ್ಟೆಯ ಮೇಲೆ ದಿನದಿನವೂ ನೀರಿನ ಮಟ್ಟ ಬರೆದಿಡುವ ಒಬ್ಬ ಗುಮಾಸ್ತನಿದ್ದ. ಬಿರುಕನ್ನು ಮೊದಲು ಕಂಡವನು ಅವನು. ಮೇಲಿನವರಿಗೆ ಒಂದು ಸಲ ತಿಳಿಸಿದ, ಸುಮ್ಮನಿರು ಎಂದರು, ಸುಮ್ಮನಾದ.

“ಗೊತ್ತಿದ್ದೂ ಸುಮ್ಮನಿದ್ದವನು ಕಳ್ಳನೇ” ಎಂದರು ಸಾಹೇಬರು.

“ಹೊಟ್ಟೆಪಾಡಿನವನು ರೀ. ಒಂದು ಸಲ ಹೇಳಿದ್ನಲ್ಲ!”

“ಒಂದು ಸಲ ಹೇಳೋಕೆ ಸಂಬಳನಾ?”

“ನಿಮಗೇನು, ನೀವು ಸರ್ಕಾರಿ ಸೀಲು ಹಿಡ್ಕೊಂಡು ಓಡಾಡಿದವರು. ಅವನ ಕೈಲಿ ಪೆನ್ಸಿಲ್ ಬಿಟ್ರೆ ಏನಿತ್ತು?”

ಅವಳು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ ಉಂಡಳು. ಎರಡು ಸಲ ಬಾಯಿ ತೆರೆದಳು. ಒಂದು ಸಲ ಹೆಂಡತಿ, “ಇನ್ನೊಂಚೂರು ಹಾಕ್ಲಾ?” ಎಂದು ಬಡಿಸಿ ಗಂಡನ ಕಡೆ ತಿರುಗಿದಳು. ಇನ್ನೊಂದು ಸಲ ಸಾಹೇಬರು, “ಮೇಡಂ ಏನಂತಾರೆ ಕೇಳು” ಎಂದವರು, ಉತ್ತರಕ್ಕೆ ಮುಂಚೆ ತಾವೇ ಮುಂದುವರಿಸಿದರು. ಅವರಿಗೆ ಮೂರನೆಯವರು ಬೇಕಿರಲಿಲ್ಲ. ಬೇಜಾರು ಪಡುವ ಹಾಗೂ ಇರಲಿಲ್ಲ. ನೋಡಲು ಅಷ್ಟು ಚಂದವಾಗಿತ್ತು. ಹೊರಡುವಾಗ ಇಬ್ಬರೂ ಗೇಟಿನ ತನಕ ಬಂದರು, ಮತ್ತೆ ಬರಬೇಕೆಂದು ಹೇಳಿದರು. ಅವಳು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಒಳಗಿನಿಂದ ಮತ್ತೆ ಗುಮಾಸ್ತನ ಮಾತು ಕೇಳಿಸಿತು.

ಮೂರು ಗಂಟೆಯ ಬಿಸಿಲು. ಬೀದಿಯಲ್ಲಿ ಅಂಗಡಿಗಳು ಅರ್ಧ ಬಾಗಿಲು ಎಳೆದುಕೊಂಡಿದ್ದವು. ಬಸ್ ಸ್ಟಾಪಿನಲ್ಲಿ ನಿಲ್ಲದೆ ಅವಳು ನಡೆದೇ ಹೊರಟಳು. ಹೇಳದೆ ಉಳಿದದ್ದು ಗಂಟಲಲ್ಲೇ ಕೂತಿತ್ತು. ಆ ಗುಮಾಸ್ತನ ದಿನಚರಿಯ ಪುಟಗಳನ್ನು ಪುಸ್ತಕದ ಕೊನೆಗೆ ಚಿಕ್ಕ ಅಕ್ಷರದಲ್ಲಿ ಅಚ್ಚು ಮಾಡಿದ್ದರು. ನೀರಿನ ಮಟ್ಟದ ಪಕ್ಕದಲ್ಲಿ, ಅಂಚಿನ ಖಾಲಿ ಜಾಗದಲ್ಲಿ, ಅವನು ಆಗಾಗ ಒಂದೊಂದು ಮಾತು ಬರೆದಿದ್ದ. ಇಂದು ಗಾಳಿ. ಇಂದು ಹಕ್ಕಿಗಳಿಲ್ಲ. ಇಂದು ಯಾರೂ ಬರಲಿಲ್ಲ. ಕೊನೆಯ ಮೂರು ವಾರದಲ್ಲಿ ಯಾರೂ ಬರಲಿಲ್ಲ ಎಂಬುದು ಹದಿನಾಲ್ಕು ಸಲ ಇತ್ತು. ಅದನ್ನು ಸಾಹೇಬರೂ ನೋಡಿರಲಿಲ್ಲ, ಅವರ ಹೆಂಡತಿಯೂ ನೋಡಿರಲಿಲ್ಲ.

“ಅವನು ಸುಮ್ಮನಿದ್ದದ್ದಲ್ಲ” ಎಂದಳು ಅವಳು, ಬೀದಿಯ ನಡುವೆ, ಗಟ್ಟಿಯಾಗಿ. “ಅವನಿಗೆ ಹೇಳೋಕೆ ಯಾರೂ ಇರ್ಲಿಲ್ಲ.”

ಎದುರಿಗೆ ಕೊಡೆ ಹಿಡಿದು ಬರುತ್ತಿದ್ದ ಹೆಂಗಸು ತನಗೇ ಏನೋ ಹೇಳಿದರೆಂದು ನಿಂತಳು. “ಏನಂದ್ರಿ?”

“ಏನಿಲ್ಲ” ಎಂದು ಅವಳು ಒಂದು ಹೆಜ್ಜೆ ಮುಂದೆ ಹೋದಳು. ಆಮೇಲೆ ತಿರುಗಿ ನೋಡಿದಳು. ಕೊಡೆಯ ಹೆಂಗಸು ಆಗಲೇ ತನ್ನ ಹಾದಿ ಹಿಡಿದಿದ್ದಳು.